ಒಂದೇ ಎರರ್ ಸಾವಿರ ಸಲ: ಡ್ರೈವರ್ ಲಾಗ್‌ಗೆ ಯಾವ ಲೆವೆಲ್?

ಪ್ರಶ್ನೆ:
ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ನಮ್ಮ ಲಿನಕ್ಸ್ ಬೋರ್ಡ್ ಇದೆ, ಅದರಲ್ಲಿ ಐ2ಸಿ (ಎರಡು ತಂತಿಯ ಡೇಟಾ ಸಂಪರ್ಕ) ಟೆಂಪರೇಚರ್ ಸೆನ್ಸರ್. ಪಕ್ಕದ ದೊಡ್ಡ ಮೋಟರ್ ಶುರುವಾದಾಗಲೆಲ್ಲ ರೀಡ್ ಫೇಲ್ ಆಗುತ್ತದೆ, ಪ್ರತಿ ಸಲವೂ ನಾನು ಬರೆದ ಡ್ರೈವರ್ (ಸೆನ್ಸರ್ ನಡೆಸುವ ಕೋಡ್) ಡೆವ್_ಎರ್, ಅಂದರೆ ಎರರ್ ಲೆವೆಲ್‌ನ ಮೆಸೇಜ್, ಹಾಕುತ್ತದೆ. ನಿನ್ನೆ ಡಿಮೆಸ್ಗ್ (ಕರ್ನಲ್ ಲಾಗ್) ನೋಡಿದರೆ ಮೇಲಿಂದ ಕೆಳಗೆ ಬರೀ "ರೀಡ್ ಫೇಲ್ಡ್ -110" (ಟೈಮ್‌ಔಟ್). ಲಾಗ್ ತುಂಬಿ ಹಳೆಯ ಬೂಟ್ ಮೆಸೇಜ್ ಒಂದೂ ಉಳಿದಿಲ್ಲ. ಎಲ್ಲವನ್ನೂ ಡೆವ್_ಡಿಬಿಜಿಗೆ (ಸಾಮಾನ್ಯವಾಗಿ ಕಾಣದ ಡೀಬಗ್ ಲೆವೆಲ್) ಇಳಿಸಲಾ?

ಉತ್ತರ 1:
ಬೇಡ. ನಾಳೆ ಸೆನ್ಸರ್ ನಿಜವಾಗಿಯೂ ಸತ್ತರೆ ಯಾರಿಗೂ ಗೊತ್ತಾಗಲ್ಲ. ಡೆವ್_ಎರ್_ರೇಟ್‌ಲಿಮಿಟೆಡ್ ಹಾಕಿ, 5 ಸೆಕೆಂಡಿಗೆ 10 ಮೆಸೇಜ್ ಮಾತ್ರ ಬರುತ್ತದೆ.

ಉತ್ತರ 2:
ಅದೂ ಜಾಸ್ತಿನೇ ಅಲ್ವಾ? ಬಿಡದೆ ಫೇಲ್ ಆಗುತ್ತಿದ್ದರೆ ಗಂಟೆಗೆ 7200 ಸಾಲು. ನಾನಾದರೆ ಹೀಗೆ ಮಾಡುತ್ತೇನೆ: ಮತ್ತೆ ಪ್ರಯತ್ನಿಸುವಾಗ ಡೆವ್_ಡಿಬಿಜಿ, ಸತತ ಮೂರು ಸಲ ಸೋತರೆ ಒಂದೇ ಒಂದು ಡೆವ್_ಎರ್, ಆಮೇಲೆ ಆ ಡಿವೈಸ್‌ನ ಸ್ಟ್ರಕ್ಟ್‌ನಲ್ಲಿ (ಕೋಡ್‌ನಲ್ಲಿ ಅದರ ಮಾಹಿತಿ ಇಡುವ ಜಾಗ) ಒಂದು ಫ್ಲ್ಯಾಗ್ (ಗುರುತು) ಇಟ್ಟು ಸುಮ್ಮನಿರುವುದು, ಸರಿಹೋದಾಗ ಡೆವ್_ಇನ್ಫೋದಲ್ಲಿ (ಬರೀ ಮಾಹಿತಿಯ ಲೆವೆಲ್) ಎಷ್ಟು ಸಲ ಫೇಲ್ ಆಯ್ತು ಅಂತ ಹೇಳಿ ಫ್ಲ್ಯಾಗ್ ತೆಗೆಯುವುದು. ಒಂದೇ ಸಲ ಎರರ್ ತೋರಿಸುವ ಡೆವ್_ಎರ್_ಒನ್ಸ್ ಮಾತ್ರ ಬಳಸಬೇಡಿ. ಅದರ ಲೆಕ್ಕ ಕೋಡ್‌ನ ಆ ಸಾಲಿಗೆ, ಡಿವೈಸ್‌ಗಲ್ಲ. ಎರಡು ಸೆನ್ಸರ್ ಇದ್ದರೆ ಎರಡನೆಯದರ ಎರರ್ ಕಾಣುವುದೇ ಇಲ್ಲ. ಇದರಿಂದ ನಾನು ಎರಡು ದಿನ ಒದ್ದಾಡಿದ್ದೇನೆ.

ಉತ್ತರ 3:
ಸೀರಿಯಲ್ ಕನ್ಸೋಲ್ (ಲಾಗ್ ಅನ್ನು ನಿಧಾನವಾದ ತಂತಿಯಲ್ಲಿ ಹೊರಗೆ ಕಳಿಸುವ ಪೋರ್ಟ್) ಇದ್ದರೆ ಇನ್ನೂ ಹುಷಾರು. 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) 80 ಅಕ್ಷರದ ಒಂದು ಸಾಲಿಗೇ ಸುಮಾರು 7 ಮಿಲಿಸೆಕೆಂಡ್ ಹೋಗುತ್ತದೆ. ಮತ್ತೆ, ಆ ಸೆನ್ಸರ್ ವೈರನ್ನು ಮೋಟರ್ ಕೇಬಲ್‌ನಿಂದ ದೂರ ಎಳೆದಿದ್ದೀರಾ?

ಪ್ರಶ್ನೆ ಕೇಳಿದವರು:
ಇಲ್ಲ, ಎರಡೂ ಒಂದೇ ಪೈಪ್‌ನಲ್ಲಿವೆ! ಸೋಮವಾರ ಹೋಗಿ ಬದಲಿಸುತ್ತೇನೆ. ಫ್ಲ್ಯಾಗ್ ಕೋಡ್ ಇವತ್ತೇ ಹಾಕುತ್ತೇನೆ, ಥ್ಯಾಂಕ್ಸ್.