ಸಹಾಯ ಬೇಕು: ಡಾಸ್‌ಬಾಕ್ಸ್‌ನಲ್ಲಿ ಡೇಂಜರಸ್ ಡೇವ್ ಶಬ್ದ ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಡೇವ್ ಆಡಿದವರು ಇಲ್ಲಿ ತುಂಬಾ ಜನ ಇದ್ದೀರಿ ಅಲ್ವಾ? ಜಾನ್ ರೊಮೆರೊ 1988ರಲ್ಲಿ ಮಾಡಿದ ಆಟ. ಕಪ್ ಎತ್ತಿಕೊಂಡರೆ ಮಾತ್ರ ಬಾಗಿಲು ತೆರೆಯುತ್ತದೆ, ನೆನಪಿದೆಯಾ?

ಮೊನ್ನೆ ಅದನ್ನು ಒಂದು ಡೌನ್‌ಲೋಡ್ ಸ್ಟೋರ್‌ನಲ್ಲಿ ನೋಡಿ ತಕ್ಷಣ ಕೊಂಡೆ. ಮಗಳಿಗೆ ತೋರಿಸುವ ಆಸೆ. ಆಟವೇನೋ ಓಡುತ್ತದೆ. ಆದರೆ ನನ್ನ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಡೇವ್ ಹಾರಿದಾಗಲೆಲ್ಲ ಶಬ್ದ ಕರಕರ ಅನ್ನುತ್ತದೆ. ಜೆಟ್‌ಪ್ಯಾಕ್ ಹಾಕಿಕೊಂಡರೆ ಇನ್ನೂ ಜಾಸ್ತಿ.

ಹಳೆಯ ಡಾಸ್ ಆಟಗಳನ್ನು ಡಾಸ್‌ಬಾಕ್ಸ್ (ಅವನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಒಳಗಿಟ್ಟು ಕೊಡುತ್ತಾರೆ ಅಂತ ಗೊತ್ತು. ಆಲ್ಟ್, ಎಂಟರ್ ಒತ್ತಿ ಪರದೆ ತುಂಬಾ ಮಾಡಿಕೊಂಡೆ. ಕಂಟ್ರೋಲ್ ಜೊತೆ ಎಫ್11, ಎಫ್12 ಒತ್ತಿ ಸೈಕಲ್ಸ್ (ಡಾಸ್‌ಬಾಕ್ಸ್ ಆಟ ಓಡಿಸುವ ವೇಗ) ಇಳಿಸಿ ಏರಿಸಿ ನೋಡಿದೆ. ವೇಗ ಬದಲಾಯಿತು, ಶಬ್ದ ಹಾಗೇ ಇದೆ.

ಡಾಸ್‌ಬಾಕ್ಸ್‌ನ ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲಿನಲ್ಲಿ ಪ್ರಿಬಫರ್ (ಮೊದಲೇ ಕೂಡಿಟ್ಟುಕೊಳ್ಳುವ ಶಬ್ದದ ಪ್ರಮಾಣ) ಹೆಚ್ಚಿಸಬೇಕಾ, ಬ್ಲಾಕ್‌ಸೈಜ್ (ಒಂದು ಸಲಕ್ಕೆ ಕಳಿಸುವ ಶಬ್ದದ ತುಂಡಿನ ಗಾತ್ರ) ಬದಲಿಸಬೇಕಾ? ಯಾವ ಸಂಖ್ಯೆ ಹಾಕಿದರೆ ನಿಮಗೆ ಸರಿಹೋಯಿತು? ಸುಮ್ನೆ ಊಹೆ ಬೇಡ, ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ಇನ್‌ಸ್ಟಾಲರ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಇಟ್ಟಿದ್ದೇನೆ. ಮುಂದೆ ಲ್ಯಾಪ್‌ಟಾಪ್ ಬದಲಿಸಿದರೆ ನೆಟ್ ಇಲ್ಲದೆ ಅದರಿಂದಲೇ ಹಾಕಿಕೊಳ್ಳಬಹುದಾ? ಶನಿವಾರ ಮಗಳ ಹುಟ್ಟುಹಬ್ಬ, ಅಷ್ಟರೊಳಗೆ ಗೊತ್ತಾದರೆ ತುಂಬಾ ಉಪಕಾರ.