ಡಾಂಗಲ್‌ನ ಸಣ್ಣ ತೂತಿಗೆ ತಾರಸಿ ಆಂಟೆನಾ ಸೇರಿಸೋದು ಹೇಗೆ?

ಪ್ರಶ್ನೆ (ರಾಜಾಜಿನಗರದಿಂದ): ಸರ್, ಟಿವಿ ನೋಡೋಕೆ ಅಂತ ಯಾವಾಗಲೋ ಕೊಂಡ ಯುಎಸ್‌ಬಿ ಡಾಂಗಲ್ ಇದೆ, ಆರ್‌ಟಿಎಲ್2832ಯು ಚಿಪ್‌ನದು. ಈಗ ಅದರಲ್ಲಿ ಎಫ್‌ಎಂ ಕೇಳುತ್ತೇನೆ. ಜೊತೆಗೆ ಬಂದಿದ್ದ ಮ್ಯಾಗ್ನೆಟ್ ಆಂಟೆನಾ ಮುರಿದುಹೋಯಿತು. ತಾರಸಿಯ ಹಳೇ ಟಿವಿ ಆಂಟೆನಾ ಸುಮ್ನೆ ನಿಂತಿದೆಯಲ್ಲಾ ಅಂತ ಎಸ್‌ಪಿ ರೋಡಿನಿಂದ ಅಡಾಪ್ಟರ್ ತಂದೆ. ಒಳಗೆ ಹೋಗುತ್ತದೆ, ಆದರೆ ಲೊಡಲೊಡ. ಒತ್ತಿ ಹಿಡಿದರೆ ಆಕಾಶವಾಣಿಯ 101.3ರ ಎಫ್‌ಎಂ ಕಾಮನಬಿಲ್ಲು, ಕೈ ಬಿಟ್ಟರೆ ಬರೀ ಗೊರಗೊರ.

ಉತ್ತರ: ನಿಮಗೆ ಎಂಎಂಸಿಎಕ್ಸ್ ಅನ್ನೋ ಕನೆಕ್ಟರಿನ ಅಡಾಪ್ಟರ್ ಕೊಟ್ಟಿರಬೇಕು. ಬೇಕಾದದ್ದು ಎಂಸಿಎಕ್ಸ್. ಒಂದು 'ಎಂ' ಜಾಸ್ತಿ ಆದರೆ ಸೈಜು ಕಡಿಮೆ! ಎರಡೂ ಬಂಗಾರದ ಬಣ್ಣದವು, ಪಕ್ಕಪಕ್ಕ ಇಟ್ಟರೆ ಮಾತ್ರ ವ್ಯತ್ಯಾಸ ಗೊತ್ತಾಗೋದು. ಸರಿಯಾದದ್ದು ಒತ್ತಿದಾಗ 'ಟಕ್' ಅಂತ ಕೂರುತ್ತದೆ. ಕೂತ ಮೇಲೆ ಗಿರಗಿರ ತಿರುಗಿದರೆ ಗಾಬರಿ ಬೇಡ, ಅದರ ಜಾಯಮಾನವೇ ಹಾಗೆ. ಅಂಗಡಿಗೆ ಡಾಂಗಲ್ ತೆಗೆದುಕೊಂಡೇ ಹೋಗಿ.

ಇನ್ನೊಂದು ತುದಿ ನೋಡಿ. ತಾರಸಿಯಿಂದ ಬಂದ ವೈರಿನ ದಪ್ಪ ಪಿನ್ನಿನ ನಡುವೆ ಕಡ್ಡಿ ಇದ್ದರೆ, ಅಡಾಪ್ಟರಿನ ಆ ಕಡೆ ತೂತು ಇರಬೇಕು. ಗಟ್ಟಿ ತುಂಡಿನಂಥ ಅಡಾಪ್ಟರ್ ಮಾತ್ರ ಬೇಡ. ದಪ್ಪ ಕೇಬಲ್ಲಿನ ಭಾರವೆಲ್ಲ ಆ ಪುಟ್ಟ ಸಾಕೆಟ್ ಮೇಲೆ ಬಿದ್ದು, ಒಳಗಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ನನ್ನ ಮೇಜಿಗೆ ಬರುವ ಡಾಂಗಲ್‌ಗಳದ್ದು ಮುಕ್ಕಾಲುಪಾಲು ಇದೇ ಕಥೆ. ಗೇಣುದ್ದ ತೆಳು ವೈರ್ ಇರುವ 'ಪಿಗ್‌ಟೇಲ್' ಕೇಳಿ.

ಅಂಗಡಿಯಲ್ಲಿ ಕೇಬಲ್, ಕನೆಕ್ಟರಿನ ಇಂಪಿಡೆನ್ಸ್ 50 ಓಮ್, 75 ಓಮ್ ಅಂತ ತಲೆ ತಿಂದರೆ ತಲೆ ಕೆಡಿಸಿಕೊಳ್ಳಬೇಡಿ. ಕೇಳೋದಕ್ಕಷ್ಟೇ ಆದರೆ, ಅವೆರಡು ಹೊಂದದೆ ಆಗುವ ಸಿಗ್ನಲ್ ನಷ್ಟ ಕಿವಿಗೆ ಗೊತ್ತಾಗದಷ್ಟು ಕಡಿಮೆ.

ಇನ್ನೊಬ್ಬರು: ಅಣ್ಣಾ, ನಮ್ಮನೇಲಿ ಡಿಶ್ ಕೇಬಲ್ ಇದೆ, ತಿರುಪಿನ ಕನೆಕ್ಟರ್. ಅದನ್ನೇ ಸ್ಪ್ಲಿಟರ್ ಹಾಕಿ ಕೊಡಬಹುದಾ?

ಉತ್ತರ: ಬೇಡಪ್ಪಾ! ಅದು ಎಫ್ ಕನೆಕ್ಟರ್, ಕೇಬಲ್ಲಿನ ತಾಮ್ರದ ತಂತಿಯೇ ಅದರ ಪಿನ್. ಅಡಾಪ್ಟರ್ ಸಿಗುತ್ತದೆ ನಿಜ. ಆದರೆ ಸೆಟ್‌ಟಾಪ್ ಬಾಕ್ಸ್ ಅದೇ ತಂತಿಯಲ್ಲಿ ಡಿಶ್‌ಗೆ 13 ಇಲ್ಲವೇ 18 ವೋಲ್ಟ್ ಕಳಿಸುತ್ತಿರುತ್ತದೆ. ಅದು ಡಾಂಗಲ್‌ಗೆ ನುಗ್ಗಿದರೆ ಸುಟ್ಟೇ ಹೋಗಬಹುದು.

ಪ್ರಶ್ನೆ ಕೇಳಿದವರು: ಪಿಗ್‌ಟೇಲ್ ತಂದೆ ಸರ್, ಟಕ್ ಅಂತು! ಇನ್ನು ಟಿವಿನೂ ಬರುತ್ತಾ?

ಉತ್ತರ: ಅದು ಕನೆಕ್ಟರ್ ಕೈಯಲ್ಲಿ ಇಲ್ಲ. ದೂರದರ್ಶನ 2016ರಲ್ಲಿ ಬೆಂಗಳೂರಿಗೆ ತಂದದ್ದು ಡಿವಿಬಿ-ಟಿ2 ಅನ್ನೋ ಡಿಜಿಟಲ್ ಪ್ರಸಾರ ಪದ್ಧತಿ. ನಿಮ್ಮ ಚಿಪ್‌ಗೆ ಓದೋಕೆ ಬರೋದು ಹಳೇ ಡಿವಿಬಿ-ಟಿ ಮಾತ್ರ. ಕಾಮನಬಿಲ್ಲು ಕೇಳಿ.