ಅಜ್ಜನ ಜೋಡಿ ನಳಿಗೆ ಕೋವಿಯ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೊಡಗಿನ ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಕೋವಿಗಳ ಚರಿತ್ರೆಯನ್ನು ಮಕ್ಕಳಿಗಾಗಿ ಬರೆದಿಡುತ್ತಿದ್ದೇನೆ. ತಿಳಿದವರ ನೆರವು ಬೇಕು.

ಮೊದಲನೆಯದು ಮುತ್ತಜ್ಜನ ಕಾಲದ ಕೇಪಿನ ಕೋವಿ, ಬಾಯಿಂದ ಮದ್ದು ತುಂಬುವಂಥದ್ದು. ಗದ್ದೆಗೆ ಹಂದಿಗಳ ಕಾಟ ಹೆಚ್ಚಿದಾಗ ಅಜ್ಜ ಜೋಡಿ ನಳಿಗೆಯ, 12 ಬೋರ್ ಅಳತೆಯ ಕೋವಿ ಕೊಂಡರು. ದೊಡ್ಡಪ್ಪನ ಕಾಲಕ್ಕೆ ಒಂಟಿ ನಳಿಗೆಯದೊಂದು ಸೇರಿತು.

ನನ್ನ ಮುಖ್ಯ ಪ್ರಶ್ನೆ ಅಜ್ಜನ ಕೋವಿಯದು. ನಳಿಗೆಯುದ್ದಕ್ಕೂ ಅಲೆಯಂಥ ಗೆರೆಗಳಿವೆ, ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡುವ ಡಮಾಸ್ಕಸ್ ನಳಿಗೆ ಇರಬೇಕು. ಅಡಿಯಲ್ಲಿ ಕಿರೀಟದ ಮುದ್ರೆ, ಪಕ್ಕದ ಅಕ್ಷರಗಳು ಮಾಸಿವೆ. ಇದರಿಂದ ತಯಾರಾದ ಕಾಲವನ್ನು ಗುರುತಿಸಬಲ್ಲವರು ಇದ್ದೀರಾ? ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ ತೋಟೆಗೆ (ಕಾರ್ಟ್ರಿಜ್‌ಗೆ) ಮಾಡಿದವು. ಈಗಿನ ಎರಡೂ ಮುಕ್ಕಾಲು ಅಂಗುಲದ್ದು ಹಾಕಿದರೆ ಒತ್ತಡ ಅಪಾಯಕರವಾಗಿ ಏರುತ್ತದೆ. ಆದ್ದರಿಂದ ಅದನ್ನು ಹಾರಿಸುವುದೇ ಇಲ್ಲ. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತೇವೆ, ಅಷ್ಟೇ. ಮಳೆಗಾಲದ ತೇವಕ್ಕೆ ನಳಿಗೆಯೊಳಗೆ ತುಕ್ಕು ಹಿಡಿದಿದೆ. ಗೆರೆಗಳು ಅಳಿಯದಂತೆ ಶುಚಿ ಮಾಡುವ, ಪರವಾನಗಿ ಇರುವ ಕುಶಲಕರ್ಮಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮರಳು ಕಾಗದ ಹಿಡಿಯುವವರ ಕೈಗೆ ಅದನ್ನು ಕೊಡಲಾರೆ.

ಇನ್ನೊಂದು ಮಾತು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿದ್ದಾರೆ. ಆದರೆ ಒಬ್ಬರಿಗೆ ಎರಡೇ ಬಂದೂಕು ಎಂಬ, ಆಯುಧ ಕಾಯ್ದೆಯ 2019ರ ತಿದ್ದುಪಡಿ ವಿನಾಯಿತಿ ಪತ್ರ ಇರುವವರಿಗೂ ಅನ್ವಯವಾಗುತ್ತದೆಯೇ? ಮೂರೂ ಈಗ ದೊಡ್ಡಪ್ಪನ ಹೆಸರಿನಲ್ಲಿವೆ. ಒಂದನ್ನು ನನ್ನ ತಂಗಿಯ ಹೆಸರಿಗೆ ಮಾಡಿಸಿಕೊಳ್ಳುವ ಕ್ರಮವನ್ನು ಅನುಭವ ಇರುವವರು ವಿವರಿಸಿದರೆ ದೊಡ್ಡ ಉಪಕಾರವಾಗುತ್ತದೆ. ಮುದ್ರೆಯ ಚಿತ್ರಗಳನ್ನು ಕೇಳಿದವರಿಗೆ ಕಳುಹಿಸುತ್ತೇನೆ.